ಪೊಲೀಸರ ಮೇಲಿನ ದಾವೆ: ವಿಚಾರಣೆಯ ನಡುವೆ ತಿದ್ದುಪಡಿ

ಕೇಳುಗರಿಗೆ ನಮಸ್ಕಾರ.

ಅಕ್ರಮವಾಗಿ ಠಾಣೆಯಲ್ಲಿ ಕೂಡಿಹಾಕಿದರೆಂದು ನೀವು ಪೊಲೀಸರ ಮೇಲೆ ಪರಿಹಾರದ ದಾವೆ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಪಾಟಿಸವಾಲಿನಲ್ಲಿ ತನಿಖಾಧಿಕಾರಿ ಬಾಯಿಬಿಡುತ್ತಾರೆ: ದೂರು ಬರೆಸಿಕೊಂಡಿದ್ದೇ ನಿಮ್ಮನ್ನು ಹಿಡಿದು ತಂದ ಮೇಲೆ! ನಿಮಗೆ ಖುಷಿ. ಆದರೆ ಈ ಸಂಗತಿ ವಾದಪತ್ರದಲ್ಲಿ, ಅಂದರೆ ದಾವೆ ಹಾಕುವಾಗ ನೀವು ಕೊಟ್ಟ ಬರಹದಲ್ಲಿ, ಇಲ್ಲ. ವಾದಪತ್ರದಲ್ಲಿ ಇಲ್ಲದ್ದಕ್ಕೆ ಎಷ್ಟು ಸಾಕ್ಷ್ಯ ಬಂದರೂ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ತಿದ್ದುಪಡಿ ಬೇಕು.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರ ಕೆಳಗೆ ಐ.ಎ., ಅಂದರೆ ಮಧ್ಯಂತರ ಅರ್ಜಿ, ಹಾಕಬೇಕು. 2002ರ ಜುಲೈನಿಂದ ಅದಕ್ಕೊಂದು ಬೇಲಿ ಬಿದ್ದಿದೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಇಲ್ಲ; ಎಷ್ಟು ಎಚ್ಚರ ವಹಿಸಿದ್ದರೂ ಮೊದಲೇ ಹೇಳಲು ಆಗುತ್ತಿರಲಿಲ್ಲ ಎಂದು ತೋರಿಸಿದರೆ ಮಾತ್ರ ಉಂಟು. ತೋರಿಸುವುದು ಹೇಗೆ? ದಿನಾಂಕ ಹೇಳಿ. ಯಾವತ್ತು ಗೊತ್ತಾಯಿತು, ಅದಕ್ಕೆ ಮೊದಲು ಏಕೆ ಗೊತ್ತಾಗಲಿಲ್ಲ, ಅಷ್ಟೇ. 'ಕಣ್ತಪ್ಪಿನಿಂದ ಬಿಟ್ಟುಹೋಗಿದೆ' ಎಂದು ಅಫಿಡವಿಟ್ಟಿನಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಅದು ಎಚ್ಚರ ವಹಿಸಲಿಲ್ಲ ಎಂದು ನೀವೇ ಒಪ್ಪಿಕೊಂಡ ಹಾಗೆ.

ವಿಚಾರಣೆ ಶುರುವಾಗುವುದು ಯಾವಾಗ? ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಮೊಕದ್ದಮೆ ಕೇಳಿ. ಪೊಲೀಸರದ್ದಲ್ಲ, ಕ್ರಯದ ಕರಾರಿನ ವ್ಯಾಜ್ಯ, ನಿಯಮ ಒಂದೇ. ವಾದಿಯ ಕಡೆಯ ಸಾಕ್ಷ್ಯದ ಅಫಿಡವಿಟ್ ಸಲ್ಲಿಕೆಯಾಗಿತ್ತು, ಪಾಟಿಸವಾಲು ಬಾಕಿ. ಆಗ ಪ್ರತಿವಾದಿಗಳು ತಮ್ಮ ಲಿಖಿತ ಹೇಳಿಕೆ, ಅಂದರೆ ವಾದಪತ್ರಕ್ಕೆ ಕೊಟ್ಟ ಉತ್ತರ, ತಿದ್ದಬೇಕು ಎಂದರು. ಕೆಳಗಿನ ನ್ಯಾಯಾಲಯ ಆಗದು ಎಂದಿತು. ಹೈಕೋರ್ಟ್ ಆಗಲಿ ಎಂದಿತು. 2008ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶ ರದ್ದುಮಾಡಿತು. ಮುಖ್ಯ ವಿಚಾರಣೆಯ ಅಫಿಡವಿಟ್, ಅಂದರೆ ಪಾಟಿಸವಾಲಿಗೆ ಮೊದಲು ಸಾಕ್ಷಿ ಬರಹದಲ್ಲಿ ಕೊಡುವ ಸಾಕ್ಷ್ಯ, ಸಲ್ಲಿಸಿದೊಡನೆ ವಿಚಾರಣೆ ಶುರುವಾದಂತೆ, ಆಮೇಲೆ ಎಚ್ಚರ ವಹಿಸಿದ್ದನ್ನು ತೋರಿಸದೆ ತಿದ್ದುಪಡಿ ಕೊಡುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ ಎಂದಿತು. ಎದುರಾಳಿಗೆ ಖರ್ಚು ಕೊಡುತ್ತೇವೆ ಅಂದರೂ ಸಾಲದು. ದಿನಾಂಕ ಬೇಕು!

ಆ ದಿನಾಂಕಕ್ಕೆ ಕಾಗದದ ಆಧಾರವೂ ಬೇಕು. ಮಾಹಿತಿ ಹಕ್ಕಿನ ಅರ್ಜಿ, ದೃಢೀಕೃತ ನಕಲಿಗೆ ಹಾಕಿದ ಅರ್ಜಿ, ತನಿಖಾಧಿಕಾರಿ ಸಾಕ್ಷ್ಯದ ನಕಲು, ಎಲ್ಲವನ್ನೂ ಲಗತ್ತಿಸಿ. ಆ ಅಧಿಕಾರಿಯ ಸಾಕ್ಷ್ಯ ಮುಗಿದ ಕೂಡಲೇ ಅರ್ಜಿ ಹಾಕಿ, ವಾದ ಮಂಡನೆಯವರೆಗೆ ಕಾಯಬೇಡಿ. ಯಾವ ಪ್ಯಾರಾದ ನಂತರ ಯಾವ ವಾಕ್ಯ ಸೇರಬೇಕೆಂದು ಅರ್ಜಿಯಲ್ಲಿ ಅಕ್ಷರಶಃ ಬರೆಯಿರಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಕ್ರಮ ಬಂಧನದ ಪರಿಹಾರಕ್ಕೆ ಬಿಡುಗಡೆಯಿಂದ 1 ವರ್ಷ, ದುರುದ್ದೇಶದಿಂದ ನಿಮ್ಮ ಮೇಲೆ ಮೊಕದ್ದಮೆ ಹೂಡಿದ್ದರ ಪರಿಹಾರಕ್ಕೆ ಖುಲಾಸೆಯಿಂದ 1 ವರ್ಷ ಕಾಲಮಿತಿ. ಒಂದಕ್ಕೆ ದಾವೆ ಹಾಕಿ, ಅವಧಿ ಮುಗಿದ ಮೇಲೆ ಇನ್ನೊಂದನ್ನು ತಿದ್ದುಪಡಿಯಲ್ಲಿ ತರಲು ಹೋದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೊಸ ಅಧಿಕಾರಿಯನ್ನು ಪ್ರತಿವಾದಿ ಮಾಡುವುದಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಡ್ಡ ಬರುತ್ತದೆ: ಸರ್ಕಾರದ ಪೂರ್ವಾನುಮತಿ, 2 ತಿಂಗಳ ನೋಟಿಸು. ಪರಿಹಾರದ ಮೊತ್ತ ಏರಿಸಿದರೆ ಹೆಚ್ಚುವರಿ ಕೋರ್ಟ್ ಶುಲ್ಕ ಕಟ್ಟಿ.

ಅರ್ಜಿ ಮಂಜೂರಾದರೆ ನ್ಯಾಯಾಲಯ ಹೇಳಿದ ಗಡುವಿನೊಳಗೆ, ಗಡುವು ಹೇಳದಿದ್ದರೆ 14 ದಿನದೊಳಗೆ, ತಿದ್ದಿದ ವಾದಪತ್ರ ಸಲ್ಲಿಸಿ. ವಜಾ ಆದರೆ ಸಂವಿಧಾನದ 227ನೇ ವಿಧಿಯ ಕೆಳಗೆ ಹೈಕೋರ್ಟಿಗೆ ಹೋಗಬಹುದು. ಅಲ್ಲಿಯೂ ಮೊದಲು ನೋಡುವುದು ಅಫಿಡವಿಟ್ಟಿನಲ್ಲಿ ನೀವು ಬರೆದ ಆ ದಿನಾಂಕವನ್ನೇ. ನಮಸ್ಕಾರ.