ಓಪನ್‌ಎಸ್‌ಎಸ್‌ಎಚ್: 120 ಸೆಕೆಂಡಿನ ಗಡುವಿನಲ್ಲಿ ಅಡಗಿದ್ದ ದೋಷ

ಕೇಳುಗರಿಗೆ ನಮಸ್ಕಾರ.

ಲಿನಕ್ಸ್ ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗುವವರು ದಿನವೂ ನೆಚ್ಚಿಕೊಂಡಿರುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. 2024ರ ಜುಲೈ 1ರಂದು ಕ್ವಾಲಿಸ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಅದರಲ್ಲೊಂದು ದೋಷವನ್ನು ಬಯಲಿಗೆ ತಂದರು. ಪಾಸ್‌ವರ್ಡ್ ಬೇಡ, ಖಾತೆಯೂ ಬೇಡ, ಹೊರಗಿನವರಿಗೆ ನೇರವಾಗಿ ರೂಟ್ ಅಧಿಕಾರವೇ, ಅಂದರೆ ಇಡೀ ಸರ್ವರ್ ಮೇಲಿನ ಪೂರ್ಣ ಹಿಡಿತವೇ ಸಿಗಬಹುದಾದಂಥ ದೋಷ. ನೋವಿನ ಸಂಗತಿಯೆಂದರೆ, ಇದನ್ನು 2006ರಲ್ಲೇ ಸರಿಪಡಿಸಿದ್ದರು. 2020ರಲ್ಲಿ ಲಾಗ್, ಅಂದರೆ ಘಟನೆಗಳ ದಾಖಲೆ ಬರೆಯುವ ಭಾಗವನ್ನು ತಿದ್ದುವಾಗ ಆ ರಕ್ಷಣೆ ಕಣ್ತಪ್ಪಿ ಬಿದ್ದುಹೋಯಿತು.

ಲಾಗಿನ್ ಆಗಲು ಸರ್ವರ್ ಸಾಮಾನ್ಯವಾಗಿ 120 ಸೆಕೆಂಡು ಕಾಯುತ್ತದೆ. ಗಡುವು ಮೀರಿದರೆ ಅಲಾರಂ ಸಿಗ್ನಲ್ ಬರುತ್ತದೆ; ಪ್ರೋಗ್ರಾಂ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಸಿಸ್‌ಲಾಗ್ ಎಂಬ ದಾಖಲೆ ವ್ಯವಸ್ಥೆಗೆ ಬರೆಯಲು ಹೋಗುತ್ತದೆ. ಆಗ ಅದು ಮೆಮೊರಿ ಹಂಚುತ್ತಿದ್ದರೆ ಲೆಕ್ಕ ಅರ್ಧಕ್ಕೇ ನಿಂತಿರುತ್ತದೆ. ಸಿಸ್‌ಲಾಗ್‌ಗೂ ಮೆಮೊರಿ ಬೇಕಲ್ಲ, ಅದೂ ಆ ಅರೆಬರೆ ಲೆಕ್ಕಕ್ಕೇ ಕೈಹಾಕುತ್ತದೆ. ಆ ಗೊಂದಲದಲ್ಲಿ ತಮ್ಮ ಕೋಡ್ ಓಡಿಸಲು ದಾಳಿಕೋರರು ಕಾಯುವುದು ಈ ಗಳಿಗೆಗಾಗಿ. 32 ಬಿಟ್ ಲಿನಕ್ಸ್‌ನಲ್ಲಿ ಅದಕ್ಕೆ ಸರಾಸರಿ 10,000 ಪ್ರಯತ್ನ ಬೇಕು. ಮೆಮೊರಿ ವಿಳಾಸವನ್ನು ಊಹಿಸುವುದೂ ಸೇರಿ 6ರಿಂದ 8 ಗಂಟೆ.

ದೋಷವಿರುವುದು 8.5ಪಿ1ರಿಂದ 9.7ಪಿ1ರವರೆಗಿನ ಆವೃತ್ತಿಗಳಲ್ಲಿ, 9.8ಪಿ1ರಲ್ಲಿ ಸರಿಯಾಗಿದೆ. ಆದರೆ ಈ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಉಬುಂಟು 22.04ರಲ್ಲಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್ ಹಾಕಿದ ಮೇಲೂ 8.9ಪಿ1 ಎಂದೇ ಕಾಣುತ್ತದೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಪ್ಯಾಕೇಜಿನ ಪೂರ್ತಿ ಆವೃತ್ತಿ ನೋಡಿ: ಕೊನೆಯಲ್ಲಿ 3ಉಬುಂಟು0.10 ಅಥವಾ ಅದರ ನಂತರದ್ದು ಇರಬೇಕು. ಡೆಬಿಯನ್ 12ರಲ್ಲಾದರೆ ಡೆಬ್12ಯು3 ಅಥವಾ ಮುಂದಿನದು. ಅಪ್‌ಡೇಟ್ ಆದ ಬಳಿಕ ಎಸ್‌ಎಸ್‌ಎಚ್ ಸೇವೆ ರೀಸ್ಟಾರ್ಟ್ ಆಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಹಳೆಯ ಪ್ರೋಗ್ರಾಮೇ ಓಡುತ್ತಿರುತ್ತದೆ.

ಪ್ಯಾಚ್ ತಕ್ಷಣ ಸಾಧ್ಯವಿಲ್ಲವೆಂದರೆ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ಲಾಗಿನ್‌ಗ್ರೇಸ್‌ಟೈಮ್ ಅನ್ನು, ಅಂದರೆ ಆ 120 ಸೆಕೆಂಡಿನ ಗಡುವನ್ನು, 0 ಮಾಡಿ. ಎಸ್‌ಎಸ್‌ಎಚ್‌ಡಿ ಹೈಫನ್ ಟಿ ಆದೇಶ ಕೊಟ್ಟು ಫೈಲಿನಲ್ಲಿ ತಪ್ಪಿಲ್ಲವೆಂದು ನೋಡಿಕೊಂಡೇ ರೀಸ್ಟಾರ್ಟ್ ಮಾಡಿ. ಈಗಾಗಲೇ ತೆರೆದಿರುವ ಒಂದು ಸೆಷನ್ ಮುಚ್ಚಬೇಡಿ. ಎಡವಟ್ಟಾದರೆ ಒಳಗೆ ಹೋಗಲು ಅದೊಂದೇ ದಾರಿ. ಈ ಉಪಾಯಕ್ಕೂ ಬೆಲೆಯಿದೆ. ಗಡುವೇ ಇಲ್ಲದ್ದರಿಂದ ಯಾರೋ ಸುಮ್ಮನೆ ತೆರೆದಿಟ್ಟ ಸಂಪರ್ಕಗಳು ಮ್ಯಾಕ್ಸ್‌ಸ್ಟಾರ್ಟಪ್ಸ್ ಮಿತಿಯನ್ನು, ಅಂದರೆ ಇನ್ನೂ ಲಾಗಿನ್ ಆಗದ ಸಂಪರ್ಕಗಳು ಏಕಕಾಲಕ್ಕೆ ಎಷ್ಟಿರಬಹುದು ಎಂಬ ಮಿತಿಯನ್ನು, ತುಂಬಿಬಿಟ್ಟರೆ ನಿಮಗೇ ಲಾಗಿನ್ ಸಿಗದು. ಹಾಗಾಗಿ ಪೋರ್ಟ್ 22ನ್ನು ಫೈರ್‌ವಾಲ್‌ನಲ್ಲಿ ನಿಮ್ಮ ಐಪಿ ವಿಳಾಸಗಳಿಗಷ್ಟೇ ಬಿಡಿ.

ಲಾಗ್ ಕೂಡ ತೆರೆದು ನೋಡಿ. 'ಟೈಮ್‌ಔಟ್ ಬಿಫೋರ್ ಆಥೆಂಟಿಕೇಶನ್' ಎಂಬ ಸಾಲು ಒಂದೇ ವಿಳಾಸದಿಂದ ನೂರಾರು ಬಾರಿ ಕಂಡರೆ, ಆ ವಿಳಾಸವನ್ನು ಕೂಡಲೇ ತಡೆಯಿರಿ.

ನಮಸ್ಕಾರ.