ಅಪ್ಪನ ಅಟ್ಟ ಮತ್ತು ನನ್ನ ರಾಜೀನಾಮೆ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯ ಅಂಗಳ. ಜೂನ್ ತಿಂಗಳು, ಮಳೆ ಸ್ವಲ್ಪ ಬಿಟ್ಟಿದೆ. ಅಡಿಕೆ ತೋಟಕ್ಕೆ ಮದ್ದು ಬಿಡುವ ಸಮಯ ಅಂತ ಹತ್ತು ದಿನ ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದೇನೆ. ಆ ಡ್ರಮ್ಮಿನಲ್ಲಿರುವುದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಇದು ತಪ್ಪಿದರೆ ಕೊಳೆರೋಗ ಬಂದು ಎಳೆ ಅಡಿಕೆ ಉದುರುತ್ತದೆ. ಅಪ್ಪನಿಗೆ 76 ವರ್ಷ. ಮರ ಹತ್ತಲು ಜನ ಬರುತ್ತಾರೆ, ಮದ್ದು ಕಲಸುವುದು ಮಾತ್ರ ಇವತ್ತಿಗೂ ಅಪ್ಪನೇ.

ನನಗೆ 47. ಕೆಲಸ ಬಿಟ್ಟು ಇಲ್ಲಿಗೇ ಬಂದುಬಿಡಲಾ ಅಂತ ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಇವತ್ತು ಅದನ್ನು ಲೆಕ್ಕ ಸಮೇತ ಹೇಳುತ್ತೇನೆ.

ನಮ್ಮ ಖರ್ಚು ತಿಂಗಳಿಗೆ 80 ಸಾವಿರ, ವರ್ಷಕ್ಕೆ 9.6 ಲಕ್ಷ. ಮೊದಲ ವರ್ಷ ಉಳಿತಾಯದ ಶೇ 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಂತೆ ಆ ಮೊತ್ತವನ್ನೂ ಏರಿಸುತ್ತ ಹೋಗಬಹುದು ಅಂತ 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ತೋರಿಸಿದ್ದರು. ಅಂದರೆ ವರ್ಷದ ಖರ್ಚಿನ 25 ಪಟ್ಟು, 2.4 ಕೋಟಿ. ಆದರೆ ಅದು ಅಲ್ಲಿಯ ಮಾರ್ಕೆಟ್ ನೋಡಿ 30 ವರ್ಷಕ್ಕೆ ಹಾಕಿದ ಲೆಕ್ಕ. ನನಗೆ 40 ವರ್ಷಕ್ಕಾದರೂ ಬೇಕು. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ಖರ್ಚು ಎರಡು ಪಟ್ಟಾಗುತ್ತದೆ. ಅದಕ್ಕೇ 33 ಪಟ್ಟು ಬೇಕು ಅಂದುಕೊಂಡೆ. ಸುಮಾರು 3.2 ಕೋಟಿ. ಕಳೆದ ವರ್ಷ ಅಷ್ಟೂ ಆಯಿತು, ಜಾಸ್ತಿ ಪಾಲು ಮ್ಯೂಚುವಲ್ ಫಂಡಿನಲ್ಲಿದೆ. ತೋಟದ ಆದಾಯ ಇದರಲ್ಲಿ ಸೇರಿಲ್ಲ. ಅದು ಅಪ್ಪನದು.

ಆದರೂ ರಾಜೀನಾಮೆ ಬರೆಯಲು ಧೈರ್ಯ ಬರಲಿಲ್ಲ. 2020ರ ಮಾರ್ಚ್ 23 ನನಗೆ ಚೆನ್ನಾಗಿ ನೆನಪಿದೆ. ಸೆನ್ಸೆಕ್ಸ್ ಒಂದೇ ದಿನ 3,900 ಅಂಶಕ್ಕಿಂತ ಹೆಚ್ಚು ಬಿದ್ದಿತ್ತು. ಸಂಬಳ ಬರುತ್ತಿತ್ತು, ಹಾಗಾಗಿ ಒಂದು ಯೂನಿಟ್ ಕೂಡ ಮಾರಲಿಲ್ಲ. ಸಂಬಳ ಇಲ್ಲದಿದ್ದರೆ ಬಿದ್ದ ಬೆಲೆಗೆ ಮಾರಿಯೇ ಅಕ್ಕಿ ತರಬೇಕಿತ್ತು. ಆಮೇಲೆ ಮಾರ್ಕೆಟ್ ಎಷ್ಟು ಏರಿದರೂ ಮಾರಿದ್ದು ವಾಪಸ್ ಬರುವುದಿಲ್ಲ ಅಲ್ವಾ?

ಅದೇ ಕೊರೊನಾ ದಿನಗಳಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿಯೂ ಮುಚ್ಚಿತ್ತು. ಇಲ್ಲಿಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಅಪ್ಪನ ಬಿಪಿ ಮಾತ್ರೆ ಮುಗಿಯುತ್ತ ಬಂದಿತ್ತು. ನಾನು ಬೆಂಗಳೂರಿನಲ್ಲಿ ಕೂತು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ, ಅಷ್ಟೇ. ಊರಿಗೆ ಬರಲೇಬೇಕು ಅಂತ ಅನ್ನಿಸಿದ್ದೂ ಆಗಲೇ, ಕೆಲಸ ಬಿಡಲು ಹೆದರಿಕೆ ಹುಟ್ಟಿದ್ದೂ ಆಗಲೇ.

ನಿನ್ನೆ ಸಂಜೆ ಅಪ್ಪನ ಜೊತೆ ಅಟ್ಟ ಹತ್ತಿದೆ. ಗೋಣಿಗಳಿಗೆ ತೇವ ಹಿಡಿದಿದೆಯಾ ಅಂತ ಅಪ್ಪ ಟಾರ್ಚ್ ಹಾಕಿ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಮುಂದಿನ ಸಾಲು ಈ ವರ್ಷದ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ. ಗೋಡೆ ಬದಿಯದ್ದು ಹಳೆಯದು.

"ಒಳ್ಳೆ ರೇಟು ಇದ್ದಾಗ ಇದನ್ನು ಯಾಕೆ ಮಾರಲಿಲ್ಲ ಅಪ್ಪಾ?"

"ಮಾರಿದ್ದೇನೆ. ಪೂರ್ತಿ ಮಾರಲಿಲ್ಲ. ಒಂದು ವರ್ಷದ್ದು ಅಟ್ಟದಲ್ಲಿ ಉಂಟಾದರೆ, ರೇಟು ಬಿದ್ದಾಗ ಮಾರಲೇಬೇಕು ಅಂತ ಇಲ್ಲ."

ಚಿಕ್ಕಂದಿನಿಂದ ಈ ಗೋಣಿಗಳನ್ನು ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ಅಟ್ಟವೇ ಇಲ್ಲ ಅಂತ ಹೊಳೆದದ್ದು ನಿನ್ನೆ. 3.2 ಕೋಟಿಯಲ್ಲಿ ಹೆಚ್ಚಿನದು ಮಾರ್ಕೆಟ್ ಜೊತೆ ಏರುವ, ಬೀಳುವ ದುಡ್ಡು. ಮೊದಲ ಎರಡು ವರ್ಷವೇ ಕೆಟ್ಟದಾಗಿದ್ದರೆ?

ಹಾಗಾಗಿ ಈ ವರ್ಷ ಬಿಡುವುದಿಲ್ಲ. ಎರಡು ವರ್ಷದ ಖರ್ಚು, ಅಂದರೆ ಸುಮಾರು 20 ಲಕ್ಷ, ಬೇರೆಯೇ ಎಫ್‌ಡಿಯಲ್ಲಿ ಇಡುತ್ತೇನೆ. ಮಾರ್ಕೆಟ್ ಬಿದ್ದ ವರ್ಷ ಊಟ ಅದರಿಂದ. ಇನ್ನೊಂದು ವಿಷಯವೂ ಇದೆ. ಕೆಲಸ ಬಿಟ್ಟರೆ ಕಂಪನಿಯ ಆರೋಗ್ಯ ವಿಮೆ ಹೋಗುತ್ತದೆ. ಎರಡು ವರ್ಷದ ಹಿಂದೆ ಸ್ವಂತ ಪಾಲಿಸಿ ತೆಗೆದೆವು. ನನ್ನ ಗಂಡನಿಗೆ ಮೊದಲೇ ಶುಗರ್ ಇದ್ದದ್ದರಿಂದ ಅದರ ಚಿಕಿತ್ಸೆಗೆ ವಿಮೆ ಸಿಗಲು ಮೂರು ವರ್ಷ ಕಾಯಬೇಕು. ಇನ್ನೂ ಒಂದು ವರ್ಷ ಬಾಕಿ. ನೀವು ಇಂಥ ಯೋಚನೆಯಲ್ಲಿದ್ದರೆ ಪಾಲಿಸಿ ಈಗಲೇ ತೆಗೆಯಿರಿ, ಕೆಲಸ ಬಿಡುವ ದಿನ ಅಲ್ಲ.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ, ಮುಂದಿನ ಮಳೆಗಾಲಕ್ಕೆ ಮದ್ದು ನಾನೇ ಕಲಸುತ್ತೇನೆ ಅಂತ. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕತ್ತಿಯ ಅಲಗನ್ನು ಡ್ರಮ್ಮಿಗೆ ಅದ್ದಿ ತೆಗೆದು ನನ್ನ ಮುಂದೆ ಹಿಡಿದರು. ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು ಕೂತಿತ್ತು.

"ಕಂಡಿತಾ? ಸುಣ್ಣ ಸಾಲದು."

ನಾನು ಕ್ಯಾಮೆರಾ ಜಗಲಿಯ ಮೇಲಿಟ್ಟು ಸುಣ್ಣದ ನೀರಿನ ಬಕೆಟ್ ಎತ್ತಿಕೊಂಡೆ.