ಹೃದಯದ ಗೋಡೆ ತೂತಾದಾಗ

ಕೇಳುಗರಿಗೆ ನಮಸ್ಕಾರ.

ಹಾರ್ಟ್ ಅಟ್ಯಾಕ್ ಆಗಿ ಮೂರ್ನಾಲ್ಕು ದಿನವಾಗಿರುತ್ತದೆ. ಎದೆನೋವು ನಿಂತಿರುತ್ತದೆ. ಗಂಡಾಂತರ ಕಳೆಯಿತು ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಬಿ.ಪಿ. ಕುಸಿಯುತ್ತದೆ, ಏದುಸಿರು ಬರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಸ್ಟೆತಾಸ್ಕೋಪ್ ಇಟ್ಟರೆ ನಿನ್ನೆ ಇಲ್ಲದ ಒರಟು ಸದ್ದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಗೊತ್ತಾಗುತ್ತದೆ: ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ತೂತಾಗಿದೆ.

ರಕ್ತ ಸಿಗದೆ ಸತ್ತ ಮಾಂಸ ಮೆತ್ತಗಾಗಿ ಹರಿದಿರುತ್ತದೆ. ಎಡಗೋಣೆಯ ರಕ್ತ ಮೈಗೆ ಹೋಗುವ ಬದಲು ಬಲಗೋಣೆಗೆ ನುಗ್ಗಿ, ಮತ್ತೆ ಶ್ವಾಸಕೋಶವನ್ನೇ ತುಂಬುತ್ತದೆ. ಹೊರಗಿನ ಗೋಡೆಯೇ ಒಡೆದರೆ ಇನ್ನೂ ಕಷ್ಟ, ಎಷ್ಟೋ ಸಲ ಆಪರೇಷನ್ ಟೇಬಲ್‌ವರೆಗೂ ಸಮಯ ಸಿಗುವುದಿಲ್ಲ.

ನಡುಗೋಡೆಯ ಇಂಥ ತೂತನ್ನು ಮೊದಲು ಮುಚ್ಚಿದವರು ಅಮೆರಿಕದ ಹ್ಯೂಸ್ಟನ್ನಿನ ಹೃದಯ ಸರ್ಜನ್ ಡೆಂಟನ್ ಕೂಲಿ, 1956ರಲ್ಲಿ. ತೂತು ಮುಚ್ಚುವುದೇನೋ ಸರಿ, ಹೊಲಿಗೆ ನಿಲ್ಲಬೇಕಲ್ವಾ? ಹಳತಾಗಿ ಲಡ್ಡು ಹಿಡಿದ ಬಟ್ಟೆಗೆ ಹೊಲಿಗೆ ಹಾಕಿದರೆ ದಾರವೇ ಬಟ್ಟೆಯನ್ನು ಹರಿಯುತ್ತದೆ. ಇಲ್ಲೂ ಹಾಗೇ. ಕೆಲವು ವಾರ ಕಾದರೆ ತೂತಿನ ಅಂಚು ಗಟ್ಟಿಯಾಗುತ್ತದೆ. ಆದರೆ ಅಷ್ಟು ದಿನ ರೋಗಿ ಉಳಿಯಬೇಕು.

ಇದಕ್ಕೆ ಕೆನಡಾದ ಟೊರೊಂಟೊದ ಹೃದಯ ಸರ್ಜನ್ ಟಿರೋನ್ ಡೇವಿಡ್ ಕಂಡುಕೊಂಡ ದಾರಿ ನನಗೆ ತುಂಬಾ ಮೆಚ್ಚುಗೆಯಾದದ್ದು. ಅವರು ಸತ್ತ ಮಾಂಸವನ್ನು ಕತ್ತರಿಸುವುದಿಲ್ಲ, ತೂತಿಗೇ ಹೊಲಿಗೆ ಹಾಕುವುದೂ ಇಲ್ಲ. ದನದ ಹೃದಯದ ಹೊರಪೊರೆಯಿಂದ ಮಾಡಿದ ದೊಡ್ಡ ಪ್ಯಾಚನ್ನು ಎಡಗೋಣೆಯ ಒಳಗಿಟ್ಟು, ಸುತ್ತಲಿನ ಆರೋಗ್ಯವಂತ ಮಾಂಸಕ್ಕೆ ಹೊಲಿಯುತ್ತಾರೆ. ಆಮೇಲೆ ರಕ್ತದ ಒತ್ತಡ ಪ್ಯಾಚಿನ ಮೇಲೆ ಬೀಳುತ್ತದೆ. ಹರಿದ ಭಾಗ ಹಿಂದೆ ಉಳಿದುಬಿಡುತ್ತದೆ.

ಹಾಗಂತ ನಡುಗೋಡೆಯ ತೂತು ಮುಚ್ಚುವುದು ಸುಲಭದ ಆಪರೇಷನ್ ಅಲ್ಲ. ಅಮೆರಿಕದಲ್ಲಿ 1999ರಿಂದ 2010ರವರೆಗೆ ಈ ತೂತು ಮುಚ್ಚಿಸಿಕೊಂಡ 2,876 ಜನರ ದಾಖಲೆ ಇದೆ. ಅಟ್ಯಾಕ್ ಆದ ಏಳು ದಿನದೊಳಗೆ ಆಪರೇಷನ್ ಆದವರಲ್ಲಿ ನೂರಕ್ಕೆ 54 ಜನ ತೀರಿಕೊಂಡರು. ಏಳು ದಿನ ದಾಟಿದ ಮೇಲೆ ಆದವರಲ್ಲಿ ನೂರಕ್ಕೆ 18. ಕಾಯುವುದೇ ಒಳ್ಳೆಯದು ಅಂತ ಇದರಿಂದ ಅಂದುಕೊಳ್ಳಬೇಡಿ. ಸ್ಥಿತಿ ತೀರಾ ಕೆಟ್ಟವರನ್ನು ಬೇಗ ಟೇಬಲ್‌ಗೆ ಒಯ್ದಿರುತ್ತಾರೆ, ಗಟ್ಟಿ ಇದ್ದವರಷ್ಟೇ ಅಲ್ಲಿಯವರೆಗೆ ಉಳಿದಿರುತ್ತಾರೆ. ದೊಡ್ಡ ರಕ್ತನಾಳದೊಳಗೆ ಉಬ್ಬಿ ಕುಗ್ಗುವ ಬಲೂನ್ ಪಂಪ್ ಹಾಕಿ, ಹೃದಯದ ಭಾರ ಇಳಿಸಿ, ಸಾಧ್ಯವಾದರೆ ಕೆಲವು ದಿನ ದೂಡುತ್ತಾರೆ. ಯಾವಾಗ ಕೈ ಹಾಕಬೇಕು ಎನ್ನುವ ತೀರ್ಮಾನ ನನ್ನ ಪ್ರಕಾರ ಹೊಲಿಗೆಗಿಂತಲೂ ಕಷ್ಟದ್ದು.

ಈಗ ಇಂಥ ತೂತು ಮೊದಲಿಗಿಂತ ತುಂಬಾ ಕಡಿಮೆ. ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯುವುದೇ ಕಾರಣ. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಯಲ್ಲೇ ಎರಡು ದಿನ ಕಳೆದು ಬರುವವರಿಗೇ ಈ ಅಪಾಯ ಜಾಸ್ತಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ 12 ಗಂಟೆಯೊಳಗೆ, ಅದರಲ್ಲೂ ಮೊದಲ ಎರಡು ಮೂರು ಗಂಟೆಯಲ್ಲಿ, ಅದರ ಕೆಲಸ ಚೆನ್ನಾಗಿರುತ್ತದೆ. ಎದೆ ಹಿಂಡಿದಂತಾಗಿ ಬೆವರು ಬಂದರೆ 108ಕ್ಕೆ ಫೋನ್ ಮಾಡಿ. ನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ. ಗಡಿಯಾರ ನೋಡಿಟ್ಟುಕೊಳ್ಳಿ.

ನಮಸ್ಕಾರ.